ಆನೆಯ ಮೇಲಿದ್ದ ತಂತಿ

ಫೋಟೋ ತಿದ್ದುವ ಕೆಲಸಕ್ಕೆ ಹೊಸದಾಗಿ ಬಂದವರು ನನ್ನನ್ನು ಮೊದಲು ಕೇಳುವುದು, ಯಾವ ಸಾಫ್ಟ್‌ವೇರ್ ಒಳ್ಳೆಯದು ಮೇಡಂ ಅಂತ. ಆಮೇಲೆ ಕೇಳುವುದು, ಕಣ್ಣು ಹೋಗುತ್ತಾ ಅಂತ. ಮೊದಲನೆಯದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಏನನ್ನೇ ಆಗಲಿ ನಾನು ಕಲಿತು ಮುಗಿಸುವಷ್ಟರಲ್ಲಿ ಅದು ಹಳೆಯದಾಗಿಬಿಡುತ್ತಿತ್ತು. ಎರಡನೆಯದಕ್ಕೆ ಉತ್ತರ ಗೊತ್ತು. ಕಣ್ಣು ಹೋಗುವುದಿಲ್ಲ, ಕುತ್ತಿಗೆ ಹೋಗುತ್ತದೆ. ಈಗ ಬಂಗಾರಪೇಟೆಯ ಮನೆಯಲ್ಲಿ ಬೆನ್ನಿಗೆ ದಿಂಬು ಕೊಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಈ ಕೆಲಸದಲ್ಲಿ ನಿಜವಾಗಿ ಏನೇನು ನಡೆಯುತ್ತದೆ ಅನ್ನುವುದು ಕ್ಲಾಸಿನಲ್ಲಿ ಹೇಳಿಕೊಡುವ ವಿಷಯವಲ್ಲ. ನನ್ನ ತಪ್ಪುಗಳನ್ನು ಓದಿಕೊಂಡರೆ ನೀವು ಬೇರೆ ತಪ್ಪುಗಳನ್ನಾದರೂ ಮಾಡಬಹುದು.

ನಮ್ಮದು ಕ್ಯಾಸಂಬಳ್ಳಿ ಕಡೆಯ ಹಳ್ಳಿ. ಅಪ್ಪನಿಗೆ ಚಿನ್ನದ ಗಣಿಯಲ್ಲಿ ಕೆಲಸ ಸಿಕ್ಕ ಮೇಲೆ ಊರಿಗಾಂನಲ್ಲಿ ಗಣಿಯವರು ಕಟ್ಟಿಸಿದ್ದ ಸಾಲುಮನೆಗೆ, ಅಂದರೆ ಲೈನ್ ಮನೆಗೆ ಬಂದೆವು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಹೊಲಿಗೆ ಕಲಿಯಲು ಹೋಗುತ್ತಿದ್ದೆ. ರಾಬರ್ಟ್‌ಸನ್‌ಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದ ದೊರೈಸಾಮಿಯವರ ಹೆಂಡತಿ ಅಲ್ಲಿಗೆ ರವಿಕೆ ಹೊಲಿಸಲು ಬರುತ್ತಿದ್ದರು. ನಾನು ಹಾಕಿದ ಕೈಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ, "ಇಷ್ಟು ಸಣ್ಣ ಕೆಲಸ ಮಾಡೋ ಕೈ ನಮ್ಮೋರಿಗೆ ಬೇಕಿತ್ತು" ಅಂದರು. ನಮ್ಮೋರು ಅಂದರೆ ಅವರ ಯಜಮಾನರು. ಮುಂದಿನ ವಾರ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ಇಳಿಜಾರಾದ ಗಾಜಿನ ಹಲಗೆಯ ಮುಂದೆ, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ ಹಿಡಿದು ಕೂತಿದ್ದೆ.

ಆಗ ಟಚಿಂಗ್ ಅಂದರೆ ನೆಗೆಟಿವ್ ಮೇಲೇ ಪೆನ್ಸಿಲ್ ಆಡಿಸುವುದು. ಮುಖದ ಕಲೆ ಇದ್ದ ಕಡೆ ನೆಗೆಟಿವ್ ತೆಳ್ಳಗಿರುತ್ತದೆ, ಬೆಳಕು ಹೆಚ್ಚು ಹಾಯುತ್ತದೆ. ಅಲ್ಲಿ ಚುಕ್ಕಿ ಚುಕ್ಕಿಯಾಗಿ ತುಂಬಿದರೆ ಪ್ರಿಂಟಿನಲ್ಲಿ ಕಲೆ ಮಾಯ. ಮೂರು ತಿಂಗಳಲ್ಲಿ ನನಗೆ ಇದರ ಹುಚ್ಚು ಹಿಡಿಯಿತು. ಮೊಡವೆ, ಸಿಡುಬಿನ ಗುಳಿ, ಕಣ್ಣ ಕೆಳಗಿನ ಕಪ್ಪು, ಯಾವುದನ್ನೂ ಬಿಡುತ್ತಿರಲಿಲ್ಲ. ಒಂದು ದಿನ ಗಣಿಯ ಕೆಲಸಗಾರರೊಬ್ಬರು ಗುರುತಿನ ಚೀಟಿಗೆ ತೆಗೆಸಿದ್ದ ಫೋಟೋ ತೆಗೆದುಕೊಂಡು ಹೋದರು. ಮಾರನೇ ದಿನ ಬೆಳಿಗ್ಗೆಯೇ ವಾಪಸ್ ಬಂದು ಮೇಜಿನ ಮೇಲೆ ಫೋಟೋ ಇಟ್ಟರು.

"ಏನಮ್ಮಾ, ನನ್ನ ಹಣೆ ಮೇಲಿನ ಗಾಯ ಎಲ್ಲಿ?"

"ಚೆನ್ನಾಗಿ ಕಾಣಲಿ ಅಂತ ತೆಗೆದೆ ಅಣ್ಣಾ."

"ಗುರುತಿನ ಕಾಲಂನಲ್ಲಿ ಅದೇ ಗಾಯ ಬರೆದೈತೆ. ಗೇಟಲ್ಲಿ ನೀನ್ಯಾರೋ ಅಂತ ಕೇಳ್ತಾವ್ನೆ. ಇವತ್ತು ಶಿಫ್ಟ್ ಓಯ್ತು."

ದೊರೈಸಾಮಿಯವರು ಅವರನ್ನು ಮತ್ತೆ ಕೂರಿಸಿ ಬೇರೆ ಫೋಟೋ ತೆಗೆದುಕೊಟ್ಟು ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, ತಮಿಳು ಬೆರೆತ ತಮ್ಮ ಕನ್ನಡದಲ್ಲಿ, "ಪಾರಮ್ಮಾ, ಇಲ್ಲಿ ನೋಡು ರತ್ನಾ, ಮಾಪಿಳ್ಳೆ ತರ, ಮದುಮಗನ ತರ ಮಾಡಿಬಿಟ್ಟಿದ್ದೀಯ ಅವನನ್ನ. ಅವನು ಹೋಗಬೇಕಾದ್ದು ಮದುವೆಗಾ, ಗಣಿ ಒಳಗಾ?" ಅಂದರು. ಬೈದಿದ್ದು ಅಷ್ಟೇ. ಅವರು ಅದಕ್ಕಿಂತ ಹೆಚ್ಚು ಬೈದದ್ದನ್ನು ನಾನು ನೋಡಿಲ್ಲ. ಆದರೆ ಆ ಇಡೀ ವಾರ ತಿದ್ದಲು ನನಗೆ ಒಂದೂ ಮುಖ ಕೊಡಲಿಲ್ಲ. ಡಾರ್ಕ್ ರೂಮಿನಲ್ಲಿ ಪ್ರಿಂಟ್ ಅದ್ದುವ ತಟ್ಟೆ ತೊಳೆಯಲು ಹಚ್ಚಿದರು. ಪ್ರಿಂಟ್ ಹಾಕುವುದನ್ನು ನಾನು ಕಲಿತದ್ದು ಹಾಗೆ, ಶಿಕ್ಷೆಯಾಗಿ.

ಕಾಡುಪ್ರಾಣಿಗಳು ನನ್ನ ಬದುಕಿಗೆ ಬಂದದ್ದು ಜಯಶೀಲನ್ ಸಾರ್ ಕಡೆಯಿಂದ. ಅವರು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತರು. ಎತ್ತರದ ಆಳು, ಗಟ್ಟಿ ಧ್ವನಿ, ಸದಾ ಖಾಕಿ ಚೀಲ. ರಜೆ ಸಿಕ್ಕಿದರೆ ಸೈಕಲ್ ಹತ್ತಿ ಬೇತಮಂಗಲದ ಕೆರೆಗೋ, ಗಣಿಯ ಸುತ್ತ ಪಾಳು ಬಿದ್ದ ಬಯಲಿಗೋ ಹೋಗಿ ಹೊಟ್ಟೆಯ ಮೇಲೆ ಮಲಗಿ ಫೋಟೋ ತೆಗೆಯುತ್ತಿದ್ದರು. ಅಂಗಿಯ ಮುಂಭಾಗ ಮಣ್ಣಾಗಿದ್ದರೆ ಇವತ್ತು ರೋಲ್ ತೊಳೆಯುವ ಕೆಲಸವಿದೆ ಅಂತ ನಮಗೆ ಗೊತ್ತಾಗುತ್ತಿತ್ತು.

ಅವರ ಮೊದಲ ರೋಲಿನಲ್ಲಿ ಒಂದು ಗಂಡು ಕೃಷ್ಣಮೃಗ ಇತ್ತು. ಬಯಲಲ್ಲಿ ನಿಂತು ಎಡಕ್ಕೆ ನೋಡುತ್ತಿದೆ. ಹಿಂದೆ, ಬಲಗಡೆ ದೂರದಲ್ಲಿ ಗಣಿಯ ಬಾಯಿಯ ಮೇಲಿನ ಕಬ್ಬಿಣದ ಗೋಪುರ. ದೊರೈಸಾಮಿಯವರು ಪೇಪರ್ ಡಬ್ಬದ ಕಪ್ಪು ರಟ್ಟನ್ನು ಕತ್ತರಿಸಿ ಮಾಡಿದ್ದ ಎರಡು ಮೂಲೆಪಟ್ಟಿಗಳನ್ನು ನನ್ನ ಕೈಗೆ ಕೊಟ್ಟರು. ಅವನ್ನು ಪ್ರಿಂಟಿನ ಮೇಲೆ ಎದುರುಬದುರಾಗಿ ಇಟ್ಟು ಹಿಂದೆ ಮುಂದೆ ಸರಿಸಿದರೆ ಚೌಕಟ್ಟು ಹಿಗ್ಗುತ್ತದೆ, ಕುಗ್ಗುತ್ತದೆ. "ಎಷ್ಟು ಬೇಕೋ ಅಷ್ಟು ಇಟ್ಟುಕೋ" ಅಂದರು. ನಾನು ಪ್ರಾಣಿಯನ್ನು ಚೆನ್ನಾಗಿ ಕಾಣಿಸಬೇಕು ಅಂತ ಪಟ್ಟಿಗಳನ್ನು ಮೈಗೆ ತಾಗುವಷ್ಟು ಒತ್ತರಿಸಿದೆ. ಗೋಪುರವೂ ಹೋಯಿತು, ಬಯಲೂ ಹೋಯಿತು.

ಅವರು ಕನ್ನಡಕ ಮೇಲೇರಿಸಿ ನೋಡಿದರು. "ಇದು ಏನು ನೋಡ್ತಾ ಐತೆ?"

"ಎಡಗಡೆಗೆ ಸಾರ್."

"ಎಡಗಡೆ ನೀನು ಗೋಡೆ ಕಟ್ಟಿಬಿಟ್ಟಿದ್ದೀಯ. ಮೂತಿ ಹೊಡ್ಕೊಳ್ಳುತ್ತೆ ಪಾಪ."

ಪಟ್ಟಿಯನ್ನು ಎಡಕ್ಕೆ ಸರಿಸಿದೆ. ಬಯಲು ತೆರೆದುಕೊಂಡಿತು. ಪ್ರಾಣಿ ಇದ್ದಕ್ಕಿದ್ದಂತೆ ಏನನ್ನೋ ಕಾಯುತ್ತಿರುವಂತೆ ಕಂಡಿತು. ಅದೇ ನೆಗೆಟಿವ್, ಅದೇ ಪ್ರಾಣಿ. ನನ್ನ ಕೈ ಒಂದು ಇಂಚು ಸರಿದಿತ್ತು, ಅಷ್ಟೆ. ಬಲಗಡೆ ಹೀಗೇ ಇರಲೇ ಅಂತ ಕೇಳಿದೆ. ಅವರು ಪಟ್ಟಿ ಎತ್ತಿ, ಅಡಿಯಲ್ಲಿದ್ದ ಗೋಪುರವನ್ನು ಬೆರಳಿನಿಂದ ತೋರಿಸಿ, "ಇದು ಇಲ್ಲಾಂದ್ರೆ ಇದು ಯಾವ ಊರಿನ ಜಿಂಕೆ? ಇದು ನಮ್ಮ ಕೆಜಿಎಫ್ ಜಿಂಕೆ. ಅಡ್ರೆಸ್ ಕಿತ್ತಾಕಬೇಡ" ಅಂದರು. ಆ ಫೋಟೋ ಬಹಳ ವರ್ಷ ಸ್ಟುಡಿಯೋದ ಕಿಟಕಿಯಲ್ಲಿತ್ತು. ಮದುವೆ ಫೋಟೋ ತೆಗೆಸಲು ಬಂದವರು ಅದನ್ನು ನೋಡಿ, ನಮ್ಮ ಹುಡುಗಿಯನ್ನೂ ಹೀಗೇ ತೆಗೀರಿ ಅನ್ನುತ್ತಿದ್ದರು.

ಜಯಶೀಲನ್ ಸಾರ್‌ಗೂ ನನಗೂ ಪ್ರತಿ ಪ್ರಿಂಟಿಗೆ ಜಗಳ. ಅವರಿಗೆ ತಾವು ತೆಗೆದ ಎಲ್ಲವೂ ಚೌಕಟ್ಟಿನಲ್ಲಿ ಇರಬೇಕು. ಮಲಗಿ ಮೈ ಪರಚಿಕೊಂಡಿದ್ದು ಅವರು ತಾನೆ. ಬೆಳ್ಳಕ್ಕಿ ಮೀನು ಹಿಡಿದ ಫೋಟೋದಲ್ಲಿ ಹಿಂದೆ ಎಮ್ಮೆಯ ಬಾಲ ಬಂದಿದ್ದರೆ, "ಆ ಎಮ್ಮೆ ಎದ್ದಿದ್ದಕ್ಕೇ ಮೀನು ಮೇಲೆ ಬಂತು, ಅದೂ ಇರಲಿ" ಅನ್ನುವರು. ನಾನು ಬಾಲ ಕತ್ತರಿಸುವೆ. ಅವರು ಮುಖ ಸಿಂಡರಿಸಿಕೊಂಡು ಹೋಗಿ ಎರಡು ದಿನದ ಮೇಲೆ ಬಂದು, "ಸರಿಯಾಗೇ ಇದೆಯಮ್ಮಾ" ಅನ್ನುವರು. ಬೆಳ್ಳಕ್ಕಿಯ ಬಿಳುಪು ಬಹಳ ಕಾಟ ಕೊಡುತ್ತಿತ್ತು. ಸುಮ್ಮನೆ ಪ್ರಿಂಟ್ ಹಾಕಿದರೆ ಪೇಪರ್ ಬಣ್ಣವೇ ಉಳಿದು ಹಕ್ಕಿ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ರಟ್ಟಿನಲ್ಲಿ ತೂತು ಮಾಡಿ, ಆ ತೂತಿನಿಂದ ಹಕ್ಕಿಯ ಮೈಗೆ ಮಾತ್ರ ಇನ್ನಷ್ಟು ಬೆಳಕು ಕೊಟ್ಟರೆ ಗರಿ ಒಂದೊಂದಾಗಿ ಎದ್ದು ಬರುತ್ತದೆ. ಕೈ ನಿಂತರೆ ಅಂಚು ಬೀಳುತ್ತದೆ, ಅದಕ್ಕೆ ರಟ್ಟನ್ನು ಅಲ್ಲಾಡಿಸುತ್ತಲೇ ಇರಬೇಕು. ಕೆಂಪು ದೀಪದಲ್ಲಿ ನಾನು ಕೈ ಆಡಿಸುವುದನ್ನು ನೋಡಿ ದೊರೈಸಾಮಿಯವರ ಹೆಂಡತಿ, ರತ್ನ ಒಳಗೆ ಭರತನಾಟ್ಯ ಕಲೀತಾಳೆ ಅನ್ನುತ್ತಿದ್ದರು.

ಗಣಿ ಮುಚ್ಚಿತು. ರಾಬರ್ಟ್‌ಸನ್‌ಪೇಟೆಯ ವ್ಯಾಪಾರ ತಣ್ಣಗಾಯಿತು. ದೊರೈಸಾಮಿಯವರು ಸ್ಟುಡಿಯೋವನ್ನು ಬಂಗಾರಪೇಟೆ ಸ್ಟೇಷನ್ ರಸ್ತೆಗೆ ತಂದರು. ಬರುವಾಗ ಡಾರ್ಕ್ ರೂಮ್ ಬರಲಿಲ್ಲ, ಅದರ ಬದಲು ಒಂದು ಕಂಪ್ಯೂಟರ್ ಬಂತು. ಅವರು ಅದರ ಮುಂದೆ ಒಂದೇ ಒಂದು ಸಲ ಕೂತರು. ಮೌಸನ್ನು ಕೈಯಲ್ಲಿ ಎತ್ತಿ ಹಿಡಿದು, ತಿರುಗಿಸಿ ನೋಡಿ, "ಇದು ನಿನ್ನ ಕೈಗೆ ಸರಿ" ಅಂತ ನನಗೆ ಕೊಟ್ಟು ಎದ್ದರು.

ಕಂಪ್ಯೂಟರ್ ಬಂದ ಮೊದಲ ವರ್ಷದ ನನ್ನ ಕೆಲಸವನ್ನು ಯಾರಾದರೂ ಇಟ್ಟುಕೊಂಡಿದ್ದರೆ ದಯವಿಟ್ಟು ತೋರಿಸಬೇಡಿ. ಬಣ್ಣ ಹೆಚ್ಚಿಸುವ ಒಂದು ಗುಂಡಿ ಸಿಕ್ಕಿಬಿಟ್ಟಿತ್ತು. ಇಷ್ಟು ವರ್ಷ ಕಪ್ಪು ಬಿಳುಪಿನಲ್ಲಿ ಇದ್ದವಳಿಗೆ ಜಾತ್ರೆಯ ಮಿಠಾಯಿ ಅಂಗಡಿಯಲ್ಲಿ ಬಿಟ್ಟ ಹಾಗಾಯಿತು. ಮಿಂಚುಳ್ಳಿಗೆ ಇನ್ನಷ್ಟು ನೀಲಿ, ಹುಲ್ಲಿಗೆ ಇನ್ನಷ್ಟು ಹಸಿರು. ಜಯಶೀಲನ್ ಸಾರ್ ಅಷ್ಟರಲ್ಲಿ ಡಿಜಿಟಲ್ ಕ್ಯಾಮೆರಾ ಕೊಂಡಿದ್ದರು. ಬೇತಮಂಗಲದ ಕೆರೆಯ ಒಂದು ದೊಡ್ಡ ಪ್ರಿಂಟನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

"ಚೆನ್ನಾಗಿಲ್ವಾ ಸಾರ್?"

"ಚೆನ್ನಾಗೇ ಇದೆ. ಇದು ಯಾವ ಊರಿನ ಸಮುದ್ರ ಅಂತ ಯೋಚನೆ ಮಾಡ್ತಿದ್ದೆ."

ನಗು ಬಂದರೂ ನನಗೆ ಕೋಪವೂ ಬಂತು. ಅದೇ ತಿಂಗಳು ಸೈನೈಡ್ ದಿಬ್ಬದ ಮೇಲೆ ಕೂತಿದ್ದ ಕೊಂಬಿನ ಗೂಬೆಯ ಫೋಟೋ ತಂದಿದ್ದರು. ಗಣಿಯ ಕಲ್ಲನ್ನು ಪುಡಿ ಮಾಡಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣನ್ನು ಸುರಿದು ಸುರಿದು ಬೆಳೆದ ಗುಡ್ಡಗಳವು. ನಾನು ಆ ಮಣ್ಣಿಗೆ ಬೂದಿ ಬಣ್ಣ ಕೊಟ್ಟೆ. ಅವರು, ಬೆಳಗಿನ ಹೊತ್ತು ಅದು ಬೂದಿ ಅಲ್ಲ ಅಂದರು. ಆ ದಿಬ್ಬ ನೋಡಿಕೊಂಡೇ ಬೆಳೆದವಳು ನಾನು, ಗಾಳಿ ಬೀಸಿದರೆ ನಮ್ಮ ಲೈನ್ ಮನೆಯ ಅನ್ನದ ತಟ್ಟೆಗೇ ಬಂದು ಬೀಳುತ್ತಿತ್ತು, ನನಗೆ ಹೇಳಿಕೊಡಬೇಡಿ ಅಂದೆ. "ನಾಳೆ ಆರು ಗಂಟೆಗೆ ಬಾ, ನೋಡೋಣ" ಅಂದರು.

ಹೋದೆ. ಸೀರೆ ಎತ್ತಿ ಕಟ್ಟಿಕೊಂಡು, ಜಾರುವ ಮಣ್ಣಿನಲ್ಲಿ ಕೊರಕಲು ಹಿಡಿದು ಹತ್ತಿದೆವು. ಸೂರ್ಯ ಇನ್ನೂ ಪೂರ್ತಿ ಬಂದಿರಲಿಲ್ಲ. ದಿಬ್ಬ ಹಸುವಿನ ಗಿಣ್ಣಿನ ಬಣ್ಣಕ್ಕಿತ್ತು, ನೆರಳು ಬಿದ್ದ ಕಡೆ ನೇರಳೆ. ಚಿಕ್ಕಂದಿನಿಂದ ನೋಡುತ್ತಿದ್ದ ದಿಬ್ಬ ಅದು. ಆದರೆ ಆರು ಗಂಟೆಗೆ ನಾನು ಯಾವತ್ತೂ ನೀರು ಹಿಡಿಯುವ ಸಾಲಿನಲ್ಲಿರುತ್ತಿದ್ದೆ. ಜಯಶೀಲನ್ ಸಾರ್ ತೋಳು ಮುಟ್ಟಿ ತೋರಿಸಿದರು. ಕೊರಕಲಿನ ಅಂಚಿನಲ್ಲಿ ಗೂಬೆ. ಅದು ಮೈ ಅಲ್ಲಾಡಿಸದೆ ತಲೆಯೊಂದನ್ನೇ ತಿರುಗಿಸಿ ನನ್ನನ್ನು ನೋಡಿತು. ಕಿತ್ತಳೆ ಕಣ್ಣು. ನಮ್ಮ ಹೆಡ್‌ಮಿಸ್ ತಡವಾಗಿ ಬಂದವರನ್ನು ನೋಡುತ್ತಿದ್ದದ್ದು ಹಾಗೆ. ನಾನು ನಿಂತ ಕಡೆಯೇ ನಿಂತೆ. ಅಂಗಡಿಗೆ ಬಂದವಳೇ ಆ ಬೂದಿಯನ್ನು ತೆಗೆದೆ. ಅಲ್ಲಿಂದಾಚೆಗೆ, ಸಾಧ್ಯವಾದಾಗೆಲ್ಲ, ಫೋಟೋ ತೆಗೆದ ಜಾಗವನ್ನು ಅದೇ ಹೊತ್ತಿನಲ್ಲಿ ಹೋಗಿ ನೋಡಿಕೊಂಡು ಬರುತ್ತಿದ್ದೆ. ಸಾಧ್ಯವಾಗದಿದ್ದರೆ ತೆಗೆದವರನ್ನು ಕೂರಿಸಿಕೊಂಡು ಕೇಳುತ್ತಿದ್ದೆ: ಎಷ್ಟು ಹೊತ್ತಿಗೆ, ಮೋಡ ಇತ್ತಾ, ನಿಮ್ಮ ಅಂಗಿ ಯಾವ ಬಣ್ಣಕ್ಕೆ ಕಾಣುತ್ತಿತ್ತು. ಅಂಗಿಯ ಬಣ್ಣ ಯಾಕೆ ಅಂತ ಎಲ್ಲರೂ ನಗುತ್ತಿದ್ದರು. ಕೆರೆಯ ಬಣ್ಣ ಜನರಿಗೆ ನೆನಪಿರುವುದಿಲ್ಲ, ಅಂಗಿ ನೆನಪಿರುತ್ತದೆ.

ಜಯಶೀಲನ್ ಸಾರ್ ಹೆಸರು ಕೇಳಿ ಬೇರೆಯವರೂ ಬರತೊಡಗಿದರು. ಒಬ್ಬ ಗಿರಾಕಿ ಒಂದು ಗೂಡಿನ ಫೋಟೋ ತಂದಿದ್ದ. ಮೂರು ಮರಿ ಬಾಯಿ ತೆರೆದಿವೆ, ತಾಯಿ ಹುಳ ಹಿಡಿದು ಬಗ್ಗಿದೆ. ಬೆಳಕು ಎಷ್ಟು ಚೆನ್ನಾಗಿ ಬಿದ್ದಿತ್ತೆಂದರೆ ನನಗೇ ಅನುಮಾನ ಬಂತು. ದೊಡ್ಡದು ಮಾಡಿ ನೋಡಿದರೆ ಅಂಚಿನಲ್ಲಿ ಜಾಲಿಯ ಕೊಂಬೆಯೊಂದು ಹೊಸದಾಗಿ ಕತ್ತರಿಸಿದಂತೆ ಬೆಳ್ಳಗೆ ಕಾಣುತ್ತಿತ್ತು. "ಆ ಬಿಳಿ ಚುಕ್ಕಿ ತೆಗೆದುಬಿಡಿ ಮೇಡಂ" ಅಂದ. ಕೊಂಬೆ ಯಾರು ಕಡಿದರು ಅಂತ ಕೇಳಿದೆ. ಅಡ್ಡ ಇತ್ತು, ಫೋಟೋಗೋಸ್ಕರ ಕಡಿದೆ ಅಂದ. ಮರಿಗಳು ಬದುಕಿದವಾ ಅಂತ ಕೇಳಿದೆ. ಗೊತ್ತಿಲ್ಲ, ಮತ್ತೆ ಹೋಗಿಲ್ಲ ಅಂದ. ನಾನು ಪೆನ್‌ಡ್ರೈವ್ ತೆಗೆದು ಅವನ ಕೈಗೆ ಕೊಟ್ಟೆ. ಕೆಲಸ ಬಹಳ ಇದೆ, ಆಗುವುದಿಲ್ಲ ಅಂದೆ. ಬೇರೆ ಎಲ್ಲೋ ಮಾಡಿಸಿಕೊಂಡಿರುತ್ತಾನೆ. ಇದನ್ನು ಹೇಳಿ ದೊಡ್ಡವಳೆನಿಸಿಕೊಳ್ಳುವ ಆಸೆ ನನಗಿಲ್ಲ. ಯಾಕೆಂದರೆ ಮುಂದೆ ಹೇಳುವ ಕೆಲಸ ಮಾಡಿದವಳೂ ನಾನೇ.

ಕಾಮಸಮುದ್ರದ ಕಡೆ ಕಾಡಂಚಿನ ಹೊಲಗಳಿಗೆ ತಮಿಳುನಾಡಿನ ಕಾಡಿನಿಂದ ಆನೆಗಳು ಬರುತ್ತವೆ. ಒಂದು ಮುಂಜಾನೆ ಜಯಶೀಲನ್ ಸಾರ್‌ಗೆ ಅದೃಷ್ಟ ಕುದುರಿತು. ರಾಗಿ ಹೊಲ ದಾಟಿ ಕಾಡಿಗೆ ವಾಪಸಾಗುತ್ತಿದ್ದ ಹೆಣ್ಣಾನೆ, ಪಕ್ಕದಲ್ಲಿ ಮರಿ. ಹಿಂದೆ ಬಂಡೆಗುಡ್ಡ, ಅದರ ಮೇಲೆ ಮಂಜು. ಎಲ್ಲವೂ ಬೇಕಾದ ಜಾಗದಲ್ಲೇ ಇತ್ತು. ಒಂದೇ ತೊಂದರೆ: ಆನೆಯ ಬೆನ್ನಿನ ಮೇಲುಗಡೆ, ಮಂಜಿನ ನಡುವೆ, ಒಂದು ಕರೆಂಟ್ ತಂತಿ ಜೋಲಾಡುತ್ತಿತ್ತು. ಬಿಳಿ ಗೋಡೆಗೆ ಇದ್ದಿಲಿನಲ್ಲಿ ಗೀರಿದ ಹಾಗೆ.

ಪ್ರಾಣಿಪ್ರಿಯರ ಒಂದು ಸಂಘ ಪ್ರತಿವರ್ಷ ಕ್ಯಾಲೆಂಡರ್ ಮಾಡಿಸುತ್ತಿತ್ತು. ಅದರ ಹನ್ನೆರಡೂ ಚಿತ್ರ ಆರಿಸಿ ತಿದ್ದಿಕೊಡುವುದು ನನ್ನ ಪಾಲಿನ ದೊಡ್ಡ ಕೆಲಸ. ಆನೆಯ ಚಿತ್ರ ಜನವರಿಗೆ ಅಂತ ನಾನೇ ನಿರ್ಧರಿಸಿದೆ. ತಂತಿ ಅಳಿಸಲು ಅರ್ಧ ದಿನ ಹಿಡಿಯಿತು. ಪಕ್ಕದ ಮಂಜನ್ನು ಚೂರು ಚೂರಾಗಿ ಎತ್ತಿ ತಂತಿಯ ಮೇಲೆ ಮೆತ್ತುತ್ತಾ ಹೋದೆ. ಮಂಜು ನೋಡಲು ಒಂದೇ ತರ, ತಿದ್ದಲು ಕೂತರೆ ಬೆರಳಗಲಕ್ಕೆ ಒಂದೊಂದು ಛಾಯೆ. ಮುಗಿದಾಗ ತಂತಿ ಎಲ್ಲಿತ್ತು ಅಂತ ನನಗೇ ಗೊತ್ತಾಗಲಿಲ್ಲ. ಆ ಹೆಮ್ಮೆಯಲ್ಲಿ ಹಳೆಯ ಫೈಲಿನ ಮೇಲೇ ಉಳಿಸಿಬಿಟ್ಟೆ. ಬೇರೆ ಹೆಸರು ಕೊಡಬೇಕಿತ್ತು, ಕೊಡಲಿಲ್ಲ. ಜಯಶೀಲನ್ ಸಾರ್ ಕೂಡ ಅಷ್ಟರಲ್ಲಿ ಕ್ಯಾಮೆರಾದ ಕಾರ್ಡನ್ನು ಖಾಲಿ ಮಾಡಿದ್ದರು. ತಿದ್ದಿದ್ದನ್ನು ನೋಡಿ ಅವರು, "ನಾನು ಹೋದಾಗ ಹೀಗೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು" ಅಂದರು. ಅದನ್ನು ಮೆಚ್ಚುಗೆ ಅಂತ ತೆಗೆದುಕೊಂಡೆ.

ಕ್ಯಾಲೆಂಡರ್ ಹಂಚಿ ತಿಂಗಳಾಗಿರಬಹುದು. ಅಂಗಡಿಗೆ ಚೌಡಪ್ಪ ಬಂದ. ಕಾಮಸಮುದ್ರದ ಕಡೆ ಆನೆ ಕಾಯುವ ಕೂಲಿ ಕೆಲಸಗಾರ. ಆನೆ ಬಂದರೆ ಊರಿಗೆ ತಿಳಿಸುವುದು, ಜನ ಹತ್ತಿರ ಹೋಗದಂತೆ ನೋಡುವುದು ಅವನ ಕೆಲಸ. ಜಯಶೀಲನ್ ಸಾರ್‌ಗೆ ಜಾಗ ತೋರಿಸಿದವನೂ ಅವನೇ. ಕಂಕುಳಲ್ಲಿ ಸುರುಳಿ ಸುತ್ತಿದ ಕ್ಯಾಲೆಂಡರ್ ಇತ್ತು.

"ಅಕ್ಕಾ, ಈ ಪಟದಾಗೆ ತಂತಿ ಎಲ್ಲಿ ಓಯ್ತು?"

ನಾನು ನಕ್ಕು, "ನಾನೇ ತೆಗೆದೆ ಚೌಡಪ್ಪ. ಗೊತ್ತಾಗ್ತದಾ?" ಅಂದೆ.

ಅವನು ನಗಲಿಲ್ಲ. ಸ್ಟೂಲಿನ ಮೇಲೆ ಕೂತು ಹೇಳಿದ. ಆ ತಂತಿ ಎರಡು ಕಂಬದ ನಡುವೆ ಜೋತು ಬಿದ್ದು ವರ್ಷವಾಗಿದೆ. ಮರಿಗೆ ಪರವಾಗಿಲ್ಲ, ದೊಡ್ಡಾನೆ ಸೊಂಡಿಲು ಎತ್ತಿದರೆ ಮುಗಿಯಿತು. ಊರಿನವರ ಹೆಬ್ಬೆಟ್ಟು, ಸಹಿ ಹಾಕಿಸಿಕೊಂಡು ಕರೆಂಟ್ ಆಫೀಸಿಗೆ ಹೋಗಿದ್ದ. ಅಲ್ಲಿ ಸಾಹೇಬರ ಹಿಂದಿನ ಗೋಡೆಯಲ್ಲಿ ಇದೇ ಕ್ಯಾಲೆಂಡರ್ ನೇತಾಡುತ್ತಿತ್ತು. ಇವನಿಗೆ ಖುಷಿಯಾಯಿತಂತೆ. "ಇದೇ ಜಾಗ ಸಾ, ಇಲ್ಲೇ ಆನೆ ಬರೋದು ಅಂತ ನಾನೇ ಬೆಟ್ಟು ಮಾಡಿ ತೋರ್ಸ್ದೆ ಅಕ್ಕಾ. ಅವ್ರು ಎದ್ದು, ಕನ್ನಡಕ ಹಾಕ್ಕೊಂಡು ನೋಡಿ, ಇದ್ರಾಗೆ ತಂತೀನೇ ಇಲ್ವಲ್ಲಪ್ಪಾ ಅಂದ್ರು. ಆಳುಗಳೆಲ್ಲ ನಕ್ಬುಟ್ರು. ಅರ್ಜಿ ಅಲ್ಲೇ ಇಟ್ಟು ಓಗು ಅಂದ್ರು. ನನ್ನ ಮಾತು ಸುಳ್ಳಾಗೋಯ್ತಲ್ಲಕ್ಕಾ."

ಇರು, ಹಳೆಯದನ್ನು ತೆಗೆದುಕೊಡುತ್ತೇನೆ ಅಂತ ಕಂಪ್ಯೂಟರ್ ಕಡೆ ತಿರುಗಿದೆ. ತಿರುಗಿದ ಮೇಲೆ ನೆನಪಾಯಿತು, ಹಳೆಯದು ಇಲ್ಲ. ನನ್ನ ಕೈಯಲ್ಲೇ ಹೋಗಿದೆ. ನೀನೇ ಮೊಬೈಲಿನಲ್ಲಿ ಒಂದು ತೆಗೆದುಕೊಂಡು ಹೋಗಿ ತೋರಿಸು ಅಂದೆ. "ತೆಗ್ದೆ ಅಕ್ಕಾ. ತಂತಿ ಬತ್ತದೆ, ಆಕಾಶ ಬತ್ತದೆ. ಎಷ್ಟು ಕೆಳಗೈತೆ ಅಂತ ಯಾರ್‌ಗೆ ತಿಳೀತದೆ? ಆನೆ ನಿಂತಿದ್ರೆ ತಾನೆ ತಿಳಿಯೋದು" ಅಂದ. ನಾನು ಮೂವತ್ತು ವರ್ಷ ಕಲಿತ ವಿದ್ಯೆಯನ್ನು ಅವನು ಸ್ಟೂಲಿನ ಮೇಲೆ ಕೂತು ಹೇಳಿಬಿಟ್ಟ.

ಜಯಶೀಲನ್ ಸಾರ್‌ಗೆ ಫೋನ್ ಮಾಡಿದೆ. ಅವರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಆ ಬೆಳಿಗ್ಗೆ ತೆಗೆದ ಬೇರೆ ಫೋಟೋಗಳು ಇದ್ದಾವಾ ಅಂತ ಕೇಳಿದೆ. "ನೀನು ಬೇಡ ಅಂದವು ಇರಬೇಕು" ಅಂದರು. ನಾನು ಬೇಡ ಅಂದದ್ದನ್ನೆಲ್ಲ ಅಳಿಸಿಬಿಡಿ ಅಂತ ಎಷ್ಟೋ ಸಲ ಹೇಳಿದ್ದೆ. ಆದರೆ ಪಾರ್ಸೆಲ್ ಆಫೀಸಿನಲ್ಲಿ ಜೀವಮಾನ ಕಳೆದ ಮನುಷ್ಯ. ವಾರಸುದಾರರು ಬರಲಿ ಬರದಿರಲಿ, ಬಂದ ಮಾಲನ್ನು ಎಸೆದು ಅವರಿಗೆ ಅಭ್ಯಾಸವಿಲ್ಲ. ಭಾನುವಾರ ಅವರ ಮನೆಗೆ ಹೋದರೆ ಎರಡು ಬಿಸ್ಕತ್ ಡಬ್ಬದ ತುಂಬ ಸೀಡಿಗಳು. ಒಂದೊಂದರ ಮೇಲೂ ದುಂಡು ಅಕ್ಷರದಲ್ಲಿ "ರತ್ನಮ್ಮ ಬೇಡ ಅಂದಿದ್ದು" ಅಂತ ಬರೆದಿತ್ತು.

ಬೆಳಿಗ್ಗೆ ಹತ್ತಕ್ಕೆ ಕೂತೆವು. ನಾನು ತಿರಸ್ಕರಿಸಿದ ಸಾವಿರಾರು ಚಿತ್ರಗಳು ಒಂದೊಂದಾಗಿ ಕಣ್ಣ ಮುಂದೆ ಹೋದವು. ಚೌಕಟ್ಟಿನಲ್ಲಿ ಬಾಲ ತುಂಡಾದ ನವಿಲು, ಹಕ್ಕಿ ಹಾರಿಹೋದ ಮೇಲಿನ ಖಾಲಿ ಕೊಂಬೆ. ಕೆಲವು ಚೆನ್ನಾಗಿಯೇ ಇದ್ದವು, ಯಾಕೆ ಬೇಡ ಅಂದೆನೋ. ಊಟವಾಗಿ ಕಾಫಿ ಬಂದ ಹೊತ್ತಿಗೆ ಆನೆಯ ದಿನದ ಸೀಡಿ ಸಿಕ್ಕಿತು. ಅದರಲ್ಲಿ ಹದಿನಾಲ್ಕು ಚಿತ್ರ. ಹದಿಮೂರರಲ್ಲಿ ಆನೆ ದೂರವಿತ್ತು, ಇಲ್ಲವೇ ತಂತಿ ಚೌಕಟ್ಟಿನಾಚೆ ಹೋಗಿತ್ತು. ಉಳಿದ ಒಂದು, ಕ್ಯಾಮೆರಾ ಕೆಳಗಿಳಿಸುವಾಗ ಬೆರಳು ತಾಗಿ ತಾನಾಗಿ ಬಂದದ್ದು.

ಅಂಥ ಕೆಟ್ಟ ಫೋಟೋ ನೀವು ನೋಡಿರಲಾರಿರಿ. ಭೂಮಿ ಒಂದು ಕಡೆಗೆ ವಾಲಿದೆ. ಆನೆಯ ಹಿಂಭಾಗ ಅರ್ಧ ಕತ್ತರಿಸಿ ಹೋಗಿದೆ. ಮುಂದೆ ಬೇಲಿಯ ಗಿಡ ಮಸುಕಾಗಿ ಅಡ್ಡ ಬಂದಿದೆ. ಆದರೆ ಎರಡೂ ಕಂಬ ಕಾಣುತ್ತಿವೆ. ನಡುವೆ ತಂತಿ ಹೊಟ್ಟೆ ಬಿಟ್ಟುಕೊಂಡಿದೆ. ಆನೆ ಸೊಂಡಿಲನ್ನು ಮೇಲೆತ್ತಿ ಗಾಳಿ ಮೂಸುತ್ತಿದೆ. ಸೊಂಡಿಲಿನ ತುದಿಗೂ ತಂತಿಗೂ ನಡುವೆ ಒಂದು ಮೊಳ ಇದ್ದರೆ ಹೆಚ್ಚು.

ಜಯಶೀಲನ್ ಸಾರ್ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಅವರು, "ಸ್ವಲ್ಪ ನೆಟ್ಟಗೆ ಮಾಡು. ತಂತಿ ಎದ್ದು ಕಾಣೋ ಹಾಗೆ ಕಪ್ಪು ಮಾಡು" ಅಂದರು.

"ಬೇಡ ಸಾರ್. ಒಂದು ಚುಕ್ಕಿ ಮುಟ್ಟಿದರೂ, ತಂತಿ ಅಳಿಸಿದವಳು ತಂತಿ ಬರೆಯಲಾರಳಾ ಅಂತ ಕೇಳ್ತಾರೆ."

ಹಾಗೇ, ವಾಲಿದ್ದನ್ನು ವಾಲಿದ ಹಾಗೇ ಪ್ರಿಂಟ್ ಹಾಕಿದೆ. ಅದರ ಜೊತೆಗೆ ಒಂದು ಕಾಗದ ಬರೆದೆ. ಕ್ಯಾಲೆಂಡರಿನ ಚಿತ್ರದಲ್ಲಿ ತಂತಿ ಇತ್ತು, ಅಂದಕ್ಕಾಗಿ ನಾನು ಅಳಿಸಿದ್ದೇನೆ, ಚೌಡಪ್ಪನವರು ಹೇಳಿದ್ದು ನಿಜ. ಕೆಳಗೆ ಸಹಿ. ಮೂರು ಸಾಲು ಬರೆಯಲು ಮೂರು ಹಾಳೆ ಹರಿದೆ. ಆ ಸಂಘದವರಿಗೆ ಇದು ತಿಳಿಯುತ್ತದೆ ಅಂತ ಗೊತ್ತಿತ್ತು. ಕ್ಯಾಲೆಂಡರ್ ಮೇಲೆ ಅವರು ಎಲ್ಲವೂ ಸಹಜ ಚಿತ್ರಗಳು ಅಂತ ಅಚ್ಚು ಹಾಕಿಸಿದ್ದರು. ದೊರೈಸಾಮಿಯವರಿಗೆ ಆಗ ವಯಸ್ಸಾಗಿತ್ತು, ಅಂಗಡಿಗೆ ಸುಮ್ಮನೆ ಬಂದು ಕೂತು ಹೋಗುತ್ತಿದ್ದರು. ಅವರಿಗೆ ಕಾಗದ ಓದಿ ಹೇಳಿ, ಸ್ಟುಡಿಯೋ ಹೆಸರು ಕೆಡುತ್ತದೆ ಸಾರ್, ಏನು ಮಾಡಲಿ ಅಂದೆ.

"ಸ್ಟುಡಿಯೋ ಹೆಸರೂ ಸೇರಿಸಿ ಬರಿ. ಅಳಿಸುವಾಗ ನಮ್ಮ ಕರೆಂಟಲ್ಲಿ ತಾನೆ ಅಳಿಸಿದ್ದು" ಅಂದರು.

ಚೌಡಪ್ಪನ ಜೊತೆ ನಾನೇ ಆ ಆಫೀಸಿಗೆ ಹೋದೆ. ಸಾಹೇಬರು ಕಾಗದ ಓದಿದರು. ಪ್ರಿಂಟ್ ನೋಡಿದರು. ಎದ್ದು ಗೋಡೆಯ ಕ್ಯಾಲೆಂಡರ್ ಹತ್ತಿರ ಹೋಗಿ ಮೂಗು ತಾಗುವಷ್ಟು ಬಗ್ಗಿ ಆ ಮಂಜನ್ನು ಹುಡುಕಿದರು. ಎರಡು ನಿಮಿಷವಾದರೂ ಆಗಿರಬೇಕು.

"ಇಲ್ಲಿತ್ತಾ?"

"ಇನ್ನೂ ಸ್ವಲ್ಪ ಮೇಲೆ ಸಾರ್."

"ಗೊತ್ತೇ ಆಗಲ್ವಲ್ಲಮ್ಮ." ಬಂದು ಕೂತರು. ಪ್ರಿಂಟನ್ನು ಮತ್ತೆ ಕೈಗೆತ್ತಿಕೊಂಡು, ಸೊಂಡಿಲಿನ ತುದಿಯ ಮೇಲೆ ಹೆಬ್ಬೆರಳಿಟ್ಟರು. ಆಮೇಲೆ ಚೌಡಪ್ಪನ ಕಡೆ ನೋಡಿ, "ಕೂತ್ಕೊಳ್ಳಪ್ಪ. ಅವತ್ತು ನಗಬಾರದಿತ್ತು" ಅಂದರು. ಚೌಡಪ್ಪ ಕೂರಲಿಲ್ಲ. ಆದರೆ ಬಾಗಿಲ ಹತ್ತಿರ ನಿಂತಿದ್ದವನು ಮೇಜಿನವರೆಗೆ ಬಂದ.

ಎರಡು ವಾರದಲ್ಲಿ ಆ ಕಂಬಗಳ ನಡುವೆ ಇನ್ನೊಂದು ಕಂಬ ನೆಟ್ಟು ತಂತಿ ಬಿಗಿದರು. ಸಂಘದವರು ನನಗೆ ಬೈಯಲಿಲ್ಲ. ಮುಂದಿನ ವರ್ಷದ ಕ್ಯಾಲೆಂಡರನ್ನು ಬೇರೆ ಕಡೆ ಕೊಟ್ಟರು, ಅದರ ಮುಂದಿನ ವರ್ಷವೂ. ಬೇಜಾರಾಗಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಹನ್ನೆರಡು ಚಿತ್ರಗಳನ್ನು ನೆಲದ ಮೇಲೆ ಹರಡಿಕೊಂಡು, ಯಾವ ಪ್ರಾಣಿಗೆ ಯಾವ ತಿಂಗಳು ಅಂತ ಜೋಡಿಸುವಂಥ ಸುಖದ ಕೆಲಸ ನನಗೆ ಮತ್ತೆ ಸಿಗಲಿಲ್ಲ. ನಾನು ಅಳಿಸುವುದನ್ನು ಬಿಟ್ಟೆ ಅಂತಲೂ ತಿಳಿಯಬೇಡಿ. ಲೆನ್ಸಿನ ಮೇಲಿನ ಧೂಳು ತೆಗೆದಿದ್ದೇನೆ, ಹಕ್ಕಿಯ ಮೂತಿಗೆ ಅಡ್ಡ ಬಂದ ಹುಲ್ಲಿನ ಎಳೆಯನ್ನೂ ತೆಗೆದಿದ್ದೇನೆ. ಆದರೆ ಮೂಲ ಫೈಲನ್ನು ಮೊದಲು ಬೇರೆ ಕಡೆ ಇಟ್ಟು, ಏನು ತೆಗೆದೆ ಅನ್ನುವುದನ್ನು ಪ್ರಿಂಟಿನ ಹಿಂದೆ ಪೆನ್ಸಿಲಿನಲ್ಲಿ ಬರೆದು ಕೊಡುತ್ತಿದ್ದೆ. ಕೆಲವರು ಅದನ್ನು ಓದಿ, ಹಾಗಾದರೆ ಅದು ಇರಲಿ ಬಿಡಿ ಅಂತ ವಾಪಸ್ ಹಾಕಿಸಿಕೊಂಡದ್ದೂ ಉಂಟು. ಸಾಹೇಬರು ಗೋಡೆಯ ಆ ಕ್ಯಾಲೆಂಡರನ್ನು ವರ್ಷ ಮುಗಿಯುವವರೆಗೆ ಜನವರಿಯಲ್ಲೇ ಬಿಟ್ಟಿದ್ದರಂತೆ. ಬಂದವರಿಗೆಲ್ಲ, ಇದರಲ್ಲಿ ಒಂದು ತಂತಿ ಇದೆ ಹುಡುಕಿ ಅನ್ನುತ್ತಿದ್ದರಂತೆ.

ಕಂಬ ನೆಟ್ಟ ಮೇಲೆ ಬಂದ ರಾಗಿ ಕಾಲದಲ್ಲಿ, ಒಂದು ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದಾಗ ಚೌಡಪ್ಪನ ಫೋನ್ ಬಂತು.

"ಅಕ್ಕಾ, ಆನೆ ಬಂದಿದ್ವು. ಒಂಬತ್ತು."

"ತಂತಿ?"

"ಅದ್ರ ಕೆಳ್ಗೇ ಓದ್ವು. ದೊಡ್ಡದು ಸೊಂಡಿಲೆತ್ತಿ ನೋಡ್ತು, ಎಟುಕ್ಲಿಲ್ಲ. ಒಂಬತ್ತೂ ದಾಟ್ಕೊಂಡ್ವು."

ಒಲೆ ಆರಿಸಿದೆ. ಅಭ್ಯಾಸ ಬಲ, ಬಾಯಿಗೆ ಬಂದದ್ದು ಅದೇ ಪ್ರಶ್ನೆ. "ಫೋಟೋ ತೆಗೆದ್ಯಾ ಚೌಡಪ್ಪ?"

"ಎಲ್ಲಿ ತೆಗೀಲಕ್ಕಾ," ಅಂದ ಅವನು. "ಎಣಿಸ್ತಾ ಇದ್ನಲ್ಲ."